ಬೇಲೂರು ತೇರು: ಎಲ್ಲಿ ನಿಲ್ಲಬೇಕು, ಏನು ತಿನ್ನಬೇಕು, ಯಾವಾಗ ಹೊರಡಬೇಕು

ಬೇಲೂರು ಚನ್ನಕೇಶವನ ತೇರಿಗೆ ಹತ್ತಕ್ಕೆ ಎಂಟು ಅಂಕ. ಉಳಿದೆರಡನ್ನು ಹನ್ನೊಂದರಿಂದ ಮೂರೂವರೆವರೆಗಿನ ಬಿಸಿಲು ತಿಂದುಹಾಕುತ್ತದೆ. ಹಾಸನ, ಚಿಕ್ಕಮಗಳೂರು ಸೀಮೆಯ ಬೇಸಿಗೆ ಜಾತ್ರೆಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬಹುದಾದದ್ದು ಯಾವುದು ಎಂದು ಕೇಳಿದರೆ ಮೊದಲು ಹೇಳಬೇಕಾದದ್ದು ಇದನ್ನೇ. ಆದರೆ ಬೇಲೂರಿನಲ್ಲಿ ಒಂದೇ ದಿನ ಎರಡು ಜಾತ್ರೆ ನಡೆಯುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೊರಡಿ. ದೇವಸ್ಥಾನ, ತೇರು ಬೆಳಗಿನ ಪಾಲು. ಅಂಗಡಿ, ಆಟ, ಬೀದಿ ಸುತ್ತುವುದು ಸಂಜೆಯ ಪಾಲು. ನಡುವಿನ ನಾಲ್ಕೂವರೆ ಗಂಟೆ ಹೊತ್ತು ಕಾಲು ಚಾಚಿಕೊಂಡು ನೆರಳಲ್ಲಿ ಕೂರಲು ಜಾಗ ನೋಡಿಟ್ಟುಕೊಂಡವರಿಗೆ ಎರಡೂ ಸಿಗುತ್ತವೆ. ನೋಡಿಟ್ಟುಕೊಳ್ಳದವರು ಒಂದು ಗಂಟೆಗೆಲ್ಲ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ.

ದಿನ ಗೊತ್ತುಮಾಡಿಕೊಳ್ಳುವಾಗಲೇ ಬಹಳ ಮಂದಿ ಎಡವುತ್ತಾರೆ. ತೇರು ಯುಗಾದಿ ಕಳೆದ ಮೇಲೆ, ಚೈತ್ರದ ಹುಣ್ಣಿಮೆಗೆ ಎರಡು ಮೂರು ದಿನ ಮುಂಚೆ ಬೀಳುತ್ತದೆ. 2022ರಲ್ಲಿ ಏಪ್ರಿಲ್ 13, 2023ರಲ್ಲಿ ಏಪ್ರಿಲ್ 4. ಹೋದ ವರ್ಷದ ತಾರೀಕು ನೋಡಿಕೊಂಡು ರಜೆ ಬರೆದುಕೊಟ್ಟರೆ ಖಾಲಿ ರಥಬೀದಿ ನೋಡಿಕೊಂಡು ಬರಬೇಕಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕ ಮಾಸ ಕಳೆದ ಮರುವರ್ಷ ಮಾತ್ರ ಹದಿನೆಂಟು, ಹತ್ತೊಂಬತ್ತು ದಿನ ಮುಂದಕ್ಕೆ ಹೋಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಯಿಂದ ಎಣಿಸಿ, ಆಮೇಲೆ ದೇವಸ್ಥಾನದ ಆಹ್ವಾನ ಪತ್ರಿಕೆ ಬಂದ ಮೇಲೆ ಖಾತ್ರಿ ಮಾಡಿಕೊಳ್ಳಿ.

ಪತ್ರಿಕೆಯಲ್ಲಿ ಅಚ್ಚಾಗಿರುವ ಲಗ್ನದ ವಿಷಯವೂ ಅಷ್ಟೇ. ಅದು ದೇವರು ತೇರು ಏರುವ ಹೊತ್ತು. ಅಲಂಕಾರ, ಪೂಜೆ, ಮಂಗಳಾರತಿ, ಗಣ್ಯರ ಸಾಲು ಎಲ್ಲ ಮುಗಿದು ಗಾಲಿ ಉರುಳುವುದಕ್ಕೆ ಅಲ್ಲಿಂದ ಅರ್ಧ ಗಂಟೆ, ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ತೇರು ಹೊರಡುವ ಮುನ್ನ ಖಾಜಿಯವರು ಕುರಾನಿನ ಸಾಲುಗಳನ್ನು ಓದುವುದು ಇಲ್ಲಿನ ಹಳೆಯ ರೂಢಿ. 2022ರಲ್ಲಿ ಇದರ ಸುತ್ತ ಸಾಕಷ್ಟು ಗದ್ದಲ ಎದ್ದಿತ್ತು, ಆ ವರ್ಷವೂ ಓದು ನಡೆಯಿತು. ಲಗ್ನಕ್ಕೆ ಸರಿಯಾಗಿ ಬಿಸಿಲಲ್ಲಿ ಹೋಗಿ ನಿಲ್ಲುವವರು ಈ ಕಾಯುವ ಹೊತ್ತಿನಲ್ಲೇ ಅರ್ಧ ಸೊರಗುತ್ತಾರೆ. ನೆರಳಲ್ಲಿ ಕೂತಿದ್ದು, ವಾದ್ಯದ ಸದ್ದು ಏರಿದಾಗ ಎದ್ದು ಬಂದರೆ ಸಾಕು.

ದೇವಸ್ಥಾನವನ್ನು ಒಂಬತ್ತರೊಳಗೆ ನೋಡಿ ಮುಗಿಸಿಬಿಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ, 2023ರಿಂದ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇವೆಲ್ಲ ಎಲ್ಲರಿಗೂ ಗೊತ್ತು. ಹೋದವರಿಗೆ ಮಾತ್ರ ಗೊತ್ತಾಗುವುದು ಅಂಗಳದ ಚಪ್ಪಡಿಯ ಕಾವು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಏಪ್ರಿಲ್ ತಿಂಗಳಲ್ಲಿ ಹತ್ತೂವರೆಗೆಲ್ಲ ಕಲ್ಲು ಕಾದು, ದೊಡ್ಡವರೂ ಹಿಮ್ಮಡಿ ಎತ್ತಿ ಕುಣಿಯುತ್ತ ಓಡುವ ಹಾಗಾಗುತ್ತದೆ. ಮಕ್ಕಳ ಅಂಗಾಲಿಗೆ ಬೊಬ್ಬೆ ಏಳಲು ಹೆಚ್ಚು ಹೊತ್ತು ಬೇಕಿಲ್ಲ. ನಾರಿನ ಚಾಪೆ ಹಾಸಿದ್ದರೆ ಅದನ್ನು ಬಿಟ್ಟು ಇಳಿಯಬೇಡಿ. ದಪ್ಪನೆಯ ಹತ್ತಿ ಸಾಕ್ಸ್ ಒಂದು ಜೊತೆ ಚೀಲದಲ್ಲಿರಲಿ. ನೈಲಾನ್ ಸಾಕ್ಸ್ ಬೇಡ, ಸಾವಿರಾರು ಕಾಲು ಸವೆಸಿದ ನುಣುಪು ಕಲ್ಲಿನ ಮೇಲೆ ಜಾರುತ್ತದೆ, ಜಗಲಿಯ ಮೆಟ್ಟಿಲಲ್ಲಿ ಹಿರಿಯರು ಬೀಳುವುದು ಹೀಗೇ. ಸಾಕ್ಸನ್ನು ನೀರಲ್ಲಿ ಅದ್ದಿ ಹಾಕಿಕೊಳ್ಳುವ ಉಪಾಯವೂ ಬೇಡ. ಎರಡು ನಿಮಿಷ ಹಿತ, ಆಮೇಲೆ ಒದ್ದೆ ಚರ್ಮ ಮೆತ್ತಗಾಗಿ ಬೊಬ್ಬೆ ಇನ್ನೂ ಬೇಗ ಏಳುತ್ತದೆ. ಇಷ್ಟರ ನಡುವೆ ಚನ್ನಕೇಶವನಿಗೆ ಮಾತ್ರ ದೊಡ್ಡ ಚರ್ಮದ ಪಾದರಕ್ಷೆ ಉಂಟು. ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ನಡೆದುಹೋಗಿ ಸವೆಸುತ್ತಾನೆ ಎನ್ನುವುದು ಐತಿಹ್ಯ. ನಮ್ಮ ನಿಮ್ಮದು ಸ್ಟ್ಯಾಂಡಿನಲ್ಲಿ, ಟೋಕನ್ ಕಳೆಯದಂತೆ ನೋಡಿಕೊಳ್ಳಿ.

ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಬೆಳಗ್ಗೆ ಪಡುವಣ ಗೋಡೆಯ ಕಡೆ ನೆರಳು, ಮೂರೂವರೆ ಮೇಲೆ ಮೂಡಣ ಬಾಗಿಲ ಕಡೆ ನೆರಳು. ಮದನಿಕೆಯರನ್ನು, ಅಂದರೆ ಕಲ್ಲಿನಲ್ಲಿ ಕೆತ್ತಿದ ಸುಂದರಿಯರನ್ನು, ನೋಡುವವರು ಈ ಲೆಕ್ಕದಲ್ಲೇ ಸುತ್ತಬೇಕು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಒಳಗಿನವು ಕತ್ತಲಲ್ಲಿ, ನವರಂಗದ, ಅಂದರೆ ನಡುಮಂಟಪದ, ಕಂಬಗಳ ಮೇಲಿವೆ. ಮಕ್ಕಳಿಗೆ ಶಿಲ್ಪಶಾಸ್ತ್ರ ಹೇಳಲು ಹೋಗಬೇಡಿ. ಮೂರು ಕೆಲಸ ಕೊಡಿ. ಬುಡದ ಪಟ್ಟಿಕೆಯಲ್ಲಿ ಒಂದರಂತೆ ಒಂದಿಲ್ಲದ ಆನೆಗಳನ್ನು ಒಂದು ಗೋಡೆಯಷ್ಟಾದರೂ ಎಣಿಸುವುದು, ಕನ್ನಡಿ ಹಿಡಿದವಳನ್ನು ಹುಡುಕುವುದು, ಅಂಗಳದ ದೀಪಸ್ತಂಭದ ಬುಡದಲ್ಲಿ ಕಾಗದ ತೂರಿಸಿ ನೋಡುವುದು. ಆ ಕಂಬಕ್ಕೆ ಪಾಯವಿಲ್ಲ, ತನ್ನ ಭಾರಕ್ಕೆ ತಾನೇ ನಿಂತಿದೆ, ಪೀಠದ ಒಂದು ಮಗ್ಗುಲಲ್ಲಿ ಬೆಳಕು ಆಚೆಯಿಂದ ಈಚೆಗೆ ಕಾಣುತ್ತದೆ. ಏಳೆಂಟು ವರ್ಷದ ಮಗು ಈ ಒಂದಕ್ಕೇ ಹತ್ತು ನಿಮಿಷ ಕೂರುತ್ತದೆ. ದರ್ಶನ ನಡುಹಗಲಲ್ಲಿ ನಿಲ್ಲುವುದುಂಟು, ತೇರಿನ ದಿನ ಹೊತ್ತು ಇನ್ನೂ ಏರುಪೇರಾಗುತ್ತದೆ. ಒಳಗೆ ಹೋಗಲೇಬೇಕು ಎನ್ನುವವರು ಬೆಳಗಿನ ಮೊದಲ ಸಾಲಲ್ಲೇ ನಿಂತುಬಿಡಿ, ಅಥವಾ ತೇರಿನ ಹಿಂದಿನ ದಿನವೇ ಬಂದು ಹೋಗಿ.

ಇನ್ನು ತೇರು. ದೂರದಿಂದ ನೋಡಿದರೆ ಜನ ಹಗ್ಗ ಎಳೆಯುತ್ತಾರೆ, ತೇರು ಬರುತ್ತದೆ ಎನಿಸುತ್ತದೆ. ಹತ್ತಿರ ಬಂದು ಗಾಲಿಯ ಪಕ್ಕ ನಡೆಯುವವರನ್ನು ನೋಡಿ. ತೇರು ಎನ್ನುವುದು ಬ್ರೇಕೂ ಇಲ್ಲದ, ಸ್ಟೇರಿಂಗೂ ಇಲ್ಲದ ಬಂಡಿ. ಅಚ್ಚು ಅತ್ತಿತ್ತ ತಿರುಗುವುದಿಲ್ಲ. ಮಿಣಿ, ಅಂದರೆ ತೇರಿನ ಹಗ್ಗ, ಮುಂದಕ್ಕೆ ಎಳೆಯಬಲ್ಲದೇ ಹೊರತು ನಿಲ್ಲಿಸಲಾರದು. ದಾರಿ ತಪ್ಪದಂತೆ ನೋಡಿಕೊಳ್ಳುವವರು ಮರದ ಬೆಣೆ ಹಿಡಿದ ನಾಲ್ಕಾರು ಮಂದಿ. ಬೆಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ತೇರು ಬಲಕ್ಕೆ ವಾಲುತ್ತಿದ್ದರೆ ಎಡಗಾಲಿಯ ಮುಂದೆ ತೆಳು ತುದಿ ಕೊಡುತ್ತಾರೆ. ಎಡಗಾಲಿ ಅದರ ಮೇಲೆ ಏರಲು ಹೋಗಿ ಅರೆಗಳಿಗೆ ತಡೆಯುತ್ತದೆ, ಬಲಗಾಲಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ತೇರಿನ ಮೂತಿ ಎಡಕ್ಕೆ ಬರುತ್ತದೆ. ಬೆಣೆ ಕಿರ್ರೆಂದು ಕಿರುಚಿ, ಹಿಂಡಿದ ಹಾಗೆ ಸಿಬಿರು ಏಳುತ್ತದೆ. ಅದನ್ನು ಎಳೆದು ಬಿಸಾಕಿ ಇನ್ನೊಂದು ಕೊಡುತ್ತಾರೆ. ನಿಲ್ಲಿಸಬೇಕಾದಾಗ ಎರಡೂ ಗಾಲಿಗೆ ಒಟ್ಟಿಗೆ. ಒಂದಕ್ಕೆ ಮೊದಲು, ಒಂದಕ್ಕೆ ತಡವಾಗಿ ಬಿದ್ದರೆ ತೇರು ಅಡ್ಡ ತಿರುಗಿ ಮನೆಯ ಜಗಲಿಗೆ ಬಂದು ಕೂರುತ್ತದೆ, ಆಮೇಲೆ ಅದನ್ನು ನೇರ ಮಾಡಲು ಗಂಟೆಗಟ್ಟಲೆ ಸನ್ನೆಗೋಲು ಹಾಕಬೇಕು. ಬೆಣೆಯವರ ಕೈಯಲ್ಲಿ ತಪ್ಪಾಗುವುದು ಹೆಚ್ಚಾಗಿ ಜನ ಅವರ ಮೈಮೇಲೆ ಬಿದ್ದು ನೋಡುವುದರಿಂದಲೇ. ಫೋಟೊ ಬೇಕಿದ್ದರೆ ಗಾಲಿಯಿಂದ ಹತ್ತು ಹದಿನೈದು ಅಡಿ ಹಿಂದೆ ನಿಂತು ತೆಗೆಯಿರಿ, ಮುಂದಿನಿಂದ ಖಂಡಿತ ಬೇಡ.

ಮಿಣಿ ಹಿಡಿಯುವುದಕ್ಕೂ ಒಂದು ರೀತಿ ಇದೆ. ಜೋಡಿ ಹಗ್ಗದ ನಡುವೆ ನಿಲ್ಲಬಾರದು, ಹೊರಮಗ್ಗುಲಲ್ಲಿ ನಿಂತು ಎರಡೂ ಕೈಯಲ್ಲಿ ಹಿಡಿಯಬೇಕು. ಕೈಗೆ ಸುತ್ತಿಕೊಳ್ಳಬಾರದು. ನಾರಿನ ಹಗ್ಗವಾದರೆ ಅಂಗೈ ತರಚುತ್ತದೆ, ನೈಲಾನ್ ಆದರೆ ಜಾರುವಾಗ ಸುಡುತ್ತದೆ. ಅಪಾಯ ತೇರು ಓಡುವಾಗಿಗಿಂತ ನಿಂತು ಮತ್ತೆ ಹೊರಡುವಾಗ ಹೆಚ್ಚು. ನಿಂತಾಗ ಹಗ್ಗ ಸಡಿಲಾಗಿ ನೆಲಕ್ಕೆ ಬೀಳುತ್ತದೆ, ಜನ ಅದನ್ನು ದಾಟಿಕೊಂಡು ಓಡಾಡುತ್ತಾರೆ, ಅಷ್ಟರಲ್ಲಿ ಮುಂದಿನವರು ಜೈಕಾರ ಹಾಕಿ ಎಳೆದರೆ ಹಗ್ಗ ಒಂದೇ ಏಟಿಗೆ ಮೊಣಕಾಲೆತ್ತರಕ್ಕೆ ಬಿಗಿಯುತ್ತದೆ. ಬೀಳುವವರು ಹೀಗೆ ಬೀಳುತ್ತಾರೆ. ಬಿದ್ದರೆ ಏಳಲು ನೋಡದೆ ಬೀದಿಯ ಅಂಚಿಗೆ ಉರುಳಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತೇರು ನಿಂತಿರುವಾಗ ಮಿಣಿ ಮುಟ್ಟಿಸಿ ಕೈಮುಗಿಸಿದರೆ ಸಾಕು. ಆ ಆಸೆಯನ್ನು ಪೂರ್ತಿ ತಪ್ಪಿಸಬೇಡಿ, ಅವರು ಮನೆಗೆ ಹೋಗಿ ಹೇಳುವುದು ಅದೊಂದನ್ನೇ.

ನಿಲ್ಲಲು ಒಳ್ಳೆಯ ಜಾಗ ಯಾವುದು ಎಂದರೆ ನೇರ ಬೀದಿಯ ನಡುಭಾಗ, ಒಂದೆರಡು ಅಡಿ ಎತ್ತರದ ಜಗಲಿ, ಹಿಂದೆ ತೆರೆದ ಬಾಗಿಲು ಅಥವಾ ಸಂದಿ. ಎಲ್ಲರೂ ಮೂಲೆಗೆ ಓಡುತ್ತಾರೆ, ತೇರು ತಿರುಗುವುದನ್ನು ನೋಡಲು. ತಿರುವಿನಲ್ಲಿ ತೇರು ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ, ಆದರೆ ಎರಡು ಬೀದಿಯ ಜನ ಅಲ್ಲೇ ಸೇರಿ ಒಳಮೂಲೆಯಲ್ಲಿ ಉಸಿರುಗಟ್ಟುತ್ತದೆ. ಪರಿಚಯದವರ ಮಾಳಿಗೆಗೆ ಹತ್ತಿದರೆ ತಾರಸಿಯ ನಡುವೆ ನಿಲ್ಲಿ. ಹಳೆಯ ಮನೆಗಳ ಸಜ್ಜೆ, ಅರ್ಧ ಇಟ್ಟಿಗೆಯ ಅಡ್ಡಗೋಡೆ ಇಪ್ಪತ್ತು ಮಂದಿ ಒರಗುವುದಕ್ಕೆ ಕಟ್ಟಿದ್ದಲ್ಲ. ಗಾಲಿ ಕುರ್ಚಿಯವರು, ಮಂಡಿನೋವಿನವರು ಚಲಿಸುವ ತೇರಿಗೆ ಕಾಯುವ ಬದಲು ಸಂಜೆ ತೇರು ನಿಂತಲ್ಲಿಗೆ ಹೋಗಿ ನೋಡುವುದು ಲೇಸು. ರಥೋತ್ಸವ ಎರಡು ದಿನ ನಡೆಯುವುದರಿಂದ ಅವಕಾಶ ಇದ್ದೇ ಇರುತ್ತದೆ. ಎರಡನೇ ದಿನ ಪರ ಊರಿನ ಜನ ಕಡಿಮೆ. ಹಿರಿಯರಿದ್ದ ಮನೆಯವರು ಆ ದಿನವನ್ನೇ ಆರಿಸಿಕೊಳ್ಳಿ.

ಹಳೇ ಮೈಸೂರು ಸೀಮೆಯ ತೇರುಗಳಲ್ಲಿ ಹಣ್ಣು ದವನ ಎಸೆಯುವುದು ರೂಢಿ. ಏಲಕ್ಕಿ ಬಾಳೆ, ಗಟ್ಟಿ ಇರುವಾಗಲೇ ಕೊಳ್ಳಿ. ಪೂರ್ತಿ ಹಣ್ಣಾದದ್ದು ಗಾಳಿಯಲ್ಲೇ ತೊಟ್ಟು ಬಿಟ್ಟು ಮುಂದಿನವರ ತಲೆ ಮೇಲೆ ಇಳಿಯುತ್ತದೆ. ದವನದ ಕಡ್ಡಿಯನ್ನು ಹಣ್ಣಿಗೆ ಚುಚ್ಚಿ, ಕೈ ಕೆಳಗಿನಿಂದ ಮೇಲಕ್ಕೆ ತೂರಬೇಕು, ಕಲ್ಲು ಬೀಸಿದ ಹಾಗಲ್ಲ. ಹಣ್ಣಿಗೆ ನಾಣ್ಯ ಸಿಕ್ಕಿಸುವವರಿದ್ದಾರೆ, ಅದು ಯಾರದೋ ಕಣ್ಣಿಗೆ ಕುತ್ತು. ತೇರು ಮುಂದೆ ಹೋದ ಮೇಲೆ ಬೀದಿಯೆಲ್ಲ ಜಜ್ಜಿದ ಬಾಳೆಹಣ್ಣು. ಹಿರಿಯರ ಕೈ ಹಿಡಿಯಬೇಕಾದದ್ದು ಆ ಹೊತ್ತಿನಲ್ಲಿ.

ನಡುಹಗಲಿಗೆ ಬರೋಣ. ತೇರಿನ ದಿನ ಊರಲ್ಲಿ ಅರವಟ್ಟಿಗೆಗಳು ಎದ್ದಿರುತ್ತವೆ. ಪಾನಕ, ನೀರುಮಜ್ಜಿಗೆ, ಕೋಸಂಬರಿ. ಇದು ಜಾತ್ರೆಯ ಅತಿ ಒಳ್ಳೆಯ ಸೇವೆ, ಕಾಸೂ ಇಲ್ಲ. ಆದರೆ ಎಲ್ಲ ಅರವಟ್ಟಿಗೆಯೂ ಒಂದೇ ಅಲ್ಲ. ನೋಡಬೇಕಾದದ್ದು ಮೂರೇ: ಡ್ರಮ್ಮಿಗೆ ಮುಚ್ಚಳ ಇದೆಯೇ, ತೋಡುವ ಸೌಟಿಗೆ ಉದ್ದ ಹಿಡಿ ಇದೆಯೇ, ಐಸ್ ಎಲ್ಲಿಂದ ಬಂದದ್ದು. ಗೋಣಿಚೀಲದಲ್ಲಿ ಸುತ್ತಿ, ಹೊಟ್ಟಿನಲ್ಲಿ ಹೂತು ತಂದ ದೊಡ್ಡ ಮಂಜುಗಡ್ಡೆ ಮೀನು, ಸರಕು ತಣ್ಣಗಿಡಲು ಮಾಡಿದ್ದಿರಬಹುದು, ಕುಡಿಯುವ ನೀರಿನದ್ದೆಂಬ ಭರವಸೆ ಇಲ್ಲ. ಐಸ್ ಹಾಕದ ಪಾನಕ ಮಡಕೆಯಲ್ಲಿದ್ದರೆ ಸಾಕಷ್ಟು ತಂಪಿರುತ್ತದೆ.

ಸಂಘದಿಂದಲೋ ಬೀದಿಯವರೆಲ್ಲ ಸೇರಿಯೋ ಅರವಟ್ಟಿಗೆ ಇಡುವವರಿಗೆ ಅಳತೆ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪ್ರತಿ ಜಾತ್ರೆಯಲ್ಲೂ ಹನ್ನೆರಡಕ್ಕೆ ಪಾನಕ ಮುಗಿದು, ಉಳಿದ ಬೆಲ್ಲಕ್ಕೆ ನಲ್ಲಿ ನೀರು ಸುರಿಯುವ ದೃಶ್ಯ ಕಾಣುತ್ತದೆ. ತಲೆಗೆ 200 ಮಿಲಿ ಎಂದರೆ 50 ಲೀಟರ್ ಡ್ರಮ್ಮು 250 ಮಂದಿಗೆ. ಲೀಟರಿಗೆ 150 ಗ್ರಾಂ ಬೆಲ್ಲದ ಲೆಕ್ಕದಲ್ಲಿ ಏಳೂವರೆ ಕಿಲೊ. ಬೆಲ್ಲವನ್ನು ಹಿಂದಿನ ರಾತ್ರಿಯೇ ಹತ್ತು ಲೀಟರ್ ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿಡಬೇಕು. ಹಾಗೇ ಕರಗಿಸಿದರೆ ಕಬ್ಬಿನ ಸಿಪ್ಪೆ, ಮಣ್ಣು ತಳದಲ್ಲಿ ಕೂತು ಕೊನೆಯ ಐವತ್ತು ಲೋಟ ಚೆಲ್ಲಬೇಕಾಗುತ್ತದೆ. ಏಲಕ್ಕಿ 25 ಗ್ರಾಂ, ಒಣಶುಂಠಿ 50 ಗ್ರಾಂ, ಕಾಳುಮೆಣಸು ಒಂದು ಹಿಡಿ ಕುಟ್ಟಿದ್ದು, ಚಿಟಿಕೆ ಉಪ್ಪು. ನಿಂಬೆರಸವನ್ನು ಒಟ್ಟಿಗೆ ಹಿಂಡಿಡಬೇಡಿ, ಎರಡು ಗಂಟೆಗೆಲ್ಲ ಕಹಿ ಬರುತ್ತದೆ; ಡ್ರಮ್ಮು ತೆರೆದಾಗ ಹಿಂಡಿ, 50 ಲೀಟರಿಗೆ ಮೂವತ್ತು ನಲವತ್ತು ಹಣ್ಣು. ಮಜ್ಜಿಗೆಗೆ ಒಂದು ಪಾಲು ಮೊಸರಿಗೆ ಮೂರರಿಂದ ನಾಲ್ಕು ಪಾಲು ನೀರು, ಒಗ್ಗರಣೆ ಬೇಡ, ಎಣ್ಣೆ ಬಿಸಿಲಿಗೆ ಕಮಟುತ್ತದೆ. ಕೋಸಂಬರಿ ಹಾಳಾಗುವುದು ಉಪ್ಪಿನಿಂದ. ಬೆಳಗ್ಗೆ ಆರಕ್ಕೇ ಉಪ್ಪು, ಸೌತೆಕಾಯಿ ಕಲಸಿಟ್ಟರೆ ಹತ್ತಕ್ಕೆ ನೀರು ಬಿಟ್ಟು, ಹನ್ನೆರಡಕ್ಕೆ ಹುಳಿ ವಾಸನೆ. ನೆನೆದ ಹೆಸರುಬೇಳೆ ಒಂದು ಕಡೆ, ಹೆಚ್ಚಿದ್ದು ಒಂದು ಕಡೆ ಇಟ್ಟು, ಒಂದು ಸಲಕ್ಕೆ ಒಂದು ಬೋಗುಣಿಯಷ್ಟೇ ಕಲಸಿ ಕೊಡಬೇಕು. ಬೇಳೆ ಎರಡು ಗಂಟೆಗಿಂತ ಹೆಚ್ಚು ನೆನೆಯುವುದೂ ಬೇಡ.

ಪಾನಕ ಎಷ್ಟು ಕುಡಿದರೂ ಬೆವರಿನ ಉಪ್ಪು ಮರಳುವುದಿಲ್ಲ. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ, ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಲೋಟಕ್ಕೆ ಅಷ್ಟನ್ನೂ ಸುರಿದು ಮಗುವಿಗೆ ಕುಡಿಸಿದರೆ ವಾಂತಿ ಹೆಚ್ಚುತ್ತದೆ. ಯಾರಾದರೂ ಮಾತು ತೊದಲಿದರೆ, ಮೈ ಕಾದು ಬೆವರು ನಿಂತರೆ ಪಾನಕದ ಹೊತ್ತು ಮೀರಿತು. ನೆರಳಿಗೆ ಎಳೆದು, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿ 112ಕ್ಕೆ ಕರೆ ಮಾಡಿ.

ಊಟಕ್ಕೆ ಹೋಟೆಲುಗಳನ್ನು ನೆಚ್ಚಬೇಡಿ. ಒಂದು ಗಂಟೆಗೆ ಎಲ್ಲ ಕಡೆ ಸಾಲು, ಎರಡಕ್ಕೆ ಸಾಂಬಾರು ನೀರು. ಹನ್ನೊಂದೂವರೆಗೇ ಉಂಡುಬಿಡಿ, ಇಲ್ಲವೇ ಬುತ್ತಿ ತನ್ನಿ. ಚಿತ್ರಾನ್ನ, ಪುಳಿಯೋಗರೆ ಸರಿ. ಮೊಸರನ್ನ ಕಟ್ಟುವುದಾದರೆ ಹಾಲು ಹಾಕಿ ಒಂದು ಚಮಚ ಮೊಸರು ಸೇರಿಸಿ ಕಟ್ಟಿ, ತಿನ್ನುವ ಹೊತ್ತಿಗೆ ಹದವಾಗಿರುತ್ತದೆ. ಶೌಚಾಲಯಕ್ಕೆ ಹತ್ತಕ್ಕೆ ಎರಡು ಅಂಕ. ಜಾತ್ರೆಗಳಲ್ಲಿ ತಂದು ನಿಲ್ಲಿಸುವ ಸಂಚಾರಿ ಶೌಚಾಲಯಗಳು ಬೆಳಗ್ಗೆ ಪರವಾಗಿಲ್ಲ, ಮಧ್ಯಾಹ್ನಕ್ಕೆ ಟ್ಯಾಂಕ್ ನೀರು ಖಾಲಿ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ತಲೆನೋವು ತಂದುಕೊಳ್ಳುವುದು ಈ ಕಾರಣಕ್ಕೆ. ಒಂದು ದಿನದ ಮಟ್ಟಿಗೆ ನಾಲ್ಕೈದು ಮನೆಯವರು ಸೇರಿ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿದರೆ ನೆರಳು, ನೀರು, ಮಕ್ಕಳಿಗೆ ನಿದ್ದೆ ಮೂರೂ ಸಿಗುತ್ತವೆ. ತೇರಿನ ದಿನಕ್ಕೆ ಖರ್ಚು ಮಾಡಬಹುದಾದ ದುಡ್ಡಿನಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೆ ಇಲ್ಲ. ಸ್ವಂತ ಕಾರಿದ್ದವರು 16 ಕಿಲೋಮೀಟರ್ ದೂರದ ಹಳೇಬೀಡಿಗೆ ಹೋಗಿ ಮರದಡಿ ಹುಲ್ಲಿನ ಮೇಲೆ ಕೂತು ಬರುವುದೂ ಉಂಟು.

ಸಂಜೆ ನಾಲ್ಕೂವರೆ ಮೇಲೆ ಅಂಗಡಿ ಸಾಲಿಗೆ ಜೀವ ಬರುತ್ತದೆ. ಕಡ್ಲೆಪುರಿ ಕೊಳ್ಳುವಾಗ ಎರಡು ಕಾಳು ಬೆರಳಲ್ಲಿ ಒತ್ತಿ ನೋಡಿ, ಪುಡಿಯಾದರೆ ಇವತ್ತಿನದು, ಬಾಗಿದರೆ ಬೇಡ. ಸೇರಿನಲ್ಲಿ ಅಳೆದು ಕೊಡುವವರ ಕೈ ನೋಡಿ: ಮೇಲಿನಿಂದ ಸುರಿದರೆ ಪುರಿ ಸಡಿಲಾಗಿ ಕೂತು ಕಡಿಮೆ ಬರುತ್ತದೆ, ಸೇರನ್ನು ರಾಶಿಗೆ ಅದ್ದಿ ಎತ್ತಿದರೆ ತುಂಬಿ ಬರುತ್ತದೆ. ಬೆಂಡು ಬತ್ತಾಸಿನಲ್ಲಿ ಬಿಳಿಯದನ್ನೇ ಆರಿಸಿ. ಬತ್ತಾಸು ಸಕ್ಕರೆ ಪಾಕಕ್ಕೆ ಚೂರು ಸೋಡಾ ಹಾಕಿ ಬಿಟ್ಟದ್ದು, ಒಳಗೆಲ್ಲ ಪೊಳ್ಳು. ಕೈಗೆ ಭಾರ ಎನಿಸಿದರೆ ತೇವ ಕುಡಿದಿದೆ ಎಂದರ್ಥ. ಗುಲಾಬಿ ಬೊಂಬಾಯಿ ಮಿಠಾಯಿ ಕಂಡರೆ ಮಕ್ಕಳನ್ನು ಆಚೆ ಎಳೆಯಿರಿ. ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನೂ ಕೃತಕ ಬಣ್ಣದ ಗೋಬಿಯನ್ನೂ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ, ಬಿಳಿಯದಕ್ಕೆ ಅಡ್ಡಿಯಿಲ್ಲ. ಕಬ್ಬಿನ ಹಾಲು ಐಸಿಲ್ಲದೆ, ಕಣ್ಣೆದುರೇ ಹಿಂಡಿಸಿ, ಅಲ್ಲೇ ಕುಡಿಯಿರಿ. ಪಾರ್ಸಲ್ ಮಾಡಿಸಿದರೆ ಮನೆ ಮುಟ್ಟುವಷ್ಟರಲ್ಲಿ ಕಪ್ಪಗಾಗಿರುತ್ತದೆ.

ಆಟದ ಯಂತ್ರಗಳು ಯಾವ ಜಾತ್ರೆಗೆ ಬಂದರೂ ಪರೀಕ್ಷೆ ಒಂದೇ. ಜೈಂಟ್ ವ್ಹೀಲ್ ಹತ್ತುವ ಮುಂಚೆ ಒಂದು ಸುತ್ತು ನಿಂತು ನೋಡಿ. ನಡೆಸುವವನು ಎದುರುಬದುರು ತೊಟ್ಟಿಲಿಗೆ ಜನ ತುಂಬಿಸುತ್ತಿದ್ದರೆ ಕೆಲಸ ಬಲ್ಲವನು. ಒಂದೇ ಕಡೆ ತುಂಬಿಸಿದರೆ ಭಾರದ ಕಡೆಗೆ ಚಕ್ರ ಜಗ್ಗುತ್ತದೆ, ಇಳಿಯುವಾಗ ತೊಟ್ಟಿಲು ಕುಕ್ಕುತ್ತದೆ. ಅಡ್ಡಪಟ್ಟಿಗೆ ಕೀಲಿನ ಪಿನ್ನು ಇರಬೇಕು; ತಂತಿ ಸುತ್ತಿದ್ದರೆ ಇಳಿದುಬಿಡಿ. ದುಪಟ್ಟ, ಸೆರಗು, ಬಿಚ್ಚಿದ ಜಡೆ ಕಟ್ಟಿಕೊಳ್ಳಬೇಕು. ಗಾಳಿ ತುಂಬಿದ ಜಂಪಿಂಗ್ ಬಲೂನಿಗೆ ಫ್ಯಾನ್ ಸದಾ ಓಡುತ್ತಿರಬೇಕು, ಜನರೇಟರ್ ನಿಂತರೆ ಸ್ವಲ್ಪ ಹೊತ್ತಿಗೇ ಕುಸಿಯುತ್ತದೆ. ಹೆದರಬೇಕಾದದ್ದು ಅದಕ್ಕಿಂತ ಗಾಳಿಗೆ. ಏಪ್ರಿಲ್ ನಡುವಿನಿಂದ ಅಶ್ವಿನಿ ಮಳೆಯ ಕಾಲ; ಈ ಕಡೆ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ, ಮಳೆಗೆ ಮುಂಚೆ ಧೂಳೆಬ್ಬಿಸುವ ಗಾಳಿ ಬರುತ್ತದೆ, ಒಮ್ಮೊಮ್ಮೆ ಆಲಿಕಲ್ಲು. ಬಲೂನಿನ ನಾಲ್ಕು ಮೂಲೆಗೂ ಗೂಟ, ಹಗ್ಗ ಇಲ್ಲದಿದ್ದರೆ ಮಗುವನ್ನು ಬಿಡಬೇಡಿ. ಮೂರು ವರ್ಷದವರನ್ನೂ ಹತ್ತು ವರ್ಷದವರನ್ನೂ ಒಟ್ಟಿಗೆ ಬಿಡುವ ಕಡೆಯೂ ಬೇಡ. ಅಂಗಡಿಯ ತಗಡು, ಟಾರ್ಪಾಲು ಮೊದಲು ಹಾರುವುದು ಸಾಲಿನ ಕೊನೆಯವು, ಗಾಳಿ ಬಂದಾಗ ಅಲ್ಲಿ ನಿಲ್ಲಬೇಡಿ.

ರಾತ್ರಿಯ ಪೌರಾಣಿಕ ನಾಟಕ ಹಾಸನ ಜಿಲ್ಲೆಯ ಊರಹಬ್ಬಗಳ ಜೀವಾಳ. ಬೇಲೂರಿಗಿಂತ ಸುತ್ತಲಿನ ಹಳ್ಳಿಗಳಲ್ಲಿ ಇದರ ರುಚಿ ಹೆಚ್ಚು. ಪಾತ್ರಧಾರಿಗಳು ತಾವೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಸೀನರಿಯಲ್ಲಿ ಆಡುತ್ತಾರೆ. ಹಾಗಾಗಿ ಯಾರ ಹಾಡನ್ನೂ ಕತ್ತರಿಸುವಂತಿಲ್ಲ. ಕೃಷ್ಣ ಸಂಧಾನಕ್ಕೆ ಬರುವಷ್ಟರಲ್ಲಿ ರಾತ್ರಿ ಎರಡು ಗಂಟೆ ಆಗಿರುತ್ತದೆ. ಮಕ್ಕಳಿರುವವರು ಮೊದಲ ಒಂದೂವರೆ ಗಂಟೆ ನೋಡಿ ಎದ್ದುಬಿಡಿ, ಬಣ್ಣ, ಕಿರೀಟ, ಪರದೆ ಏಳುವ ಸಡಗರ ಅಷ್ಟರಲ್ಲಿ ಸಿಗುತ್ತದೆ. ಕೂರುವ ಜಾಗ ಸ್ಪೀಕರ್ ಪೆಟ್ಟಿಗೆಯಿಂದ ಐವತ್ತು ಅಡಿಯಾದರೂ ದೂರ ಇರಲಿ. ಹಾಡುಗಾರಿಕೆ ಎಷ್ಟೇ ಚೆನ್ನಾಗಿರಲಿ, ಮೈಕಿನವರು ಎಕೋ ಏರಿಸಿ ಮಾತೆಲ್ಲ ಕಲಸುಮೇಲೋಗರ ಮಾಡುವುದು ಈ ಸೀಮೆಯ ಶಾಶ್ವತ ದೂರು.

ಮಕ್ಕಳು ಕಳೆದುಹೋಗುವುದು ತೇರು ನಿಂತ ಮೇಲಿನ ಅರ್ಧ ಗಂಟೆಯಲ್ಲಿ. ಮುಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ, ಹೆಸರು ಬೇಡ. ಸೇರುವ ಜಾಗ "ಗೋಪುರದ ಕೆಳಗೆ" ಎಂದು ಗೊತ್ತುಮಾಡಬೇಡಿ, ಊರವರೆಲ್ಲ ಅದನ್ನೇ ಹೇಳಿರುತ್ತಾರೆ. ಒಂದು ಅಂಗಡಿಯ ಬೋರ್ಡು ತೋರಿಸಿ. ಆ ಜನಜಂಗುಳಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ, ಮೆಸೇಜು ಒಮ್ಮೊಮ್ಮೆ ದಾಟುತ್ತದೆ. ಮಕ್ಕಳ ಸಹಾಯವಾಣಿ 1098.

ಹೋಗಿ ಬರುವುದು ಸುಲಭ. ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ 25ರ ಆಸುಪಾಸು. ಬೇಲೂರಿಗೆ ರೈಲಿಲ್ಲ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೆಟ್‌ಗೆ ದುಡ್ಡಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಕಾರು ದೇವಸ್ಥಾನದ ಹತ್ತಿರ ಒಯ್ಯಲು ನೋಡಬೇಡಿ, ಊರ ಅಂಚಿನಲ್ಲೇ ಬಿಟ್ಟು ನಡೆಯಿರಿ, ಮೂತಿ ರಸ್ತೆ ಕಡೆ ಇರುವಂತೆ ನಿಲ್ಲಿಸಿ. ತೇರು ನಿಂತ ತಕ್ಷಣ ಬಸ್‌ಸ್ಟ್ಯಾಂಡಿಗೆ ಓಡುವವರಿಗೆ ಕಾಲಿಡಲು ಜಾಗ ಸಿಗುವುದಿಲ್ಲ. ಒಂದೂವರೆ ಗಂಟೆ ತಡೆದು ಹೊರಟವರು ಸೀಟು ಹಿಡಿದು ಕೂತು ಬರುತ್ತಾರೆ.

ಬೇಸಿಗೆ ರಜೆಯಲ್ಲಿ ಬಂದವರು ಹಾಸನಾಂಬೆ ದರ್ಶನ, ದೇವಿರಮ್ಮನ ಬೆಟ್ಟ ಎರಡನ್ನೂ ಇದೇ ಸುತ್ತಿನಲ್ಲಿ ಮುಗಿಸುವ ಲೆಕ್ಕ ಹಾಕುತ್ತಾರೆ. ಹಾಸನಾಂಬೆಯ ಬಾಗಿಲು ತೆರೆಯುವುದು ಆಶ್ವಯುಜದಲ್ಲಿ, ವರ್ಷಕ್ಕೊಮ್ಮೆ. ದೇವಿರಮ್ಮನ ಬೆಟ್ಟಕ್ಕೆ ಜನ ಹತ್ತುವುದು ದೀಪಾವಳಿಗೆ. ಬೇಸಿಗೆಯಲ್ಲೇ ಆಗಬೇಕಿದ್ದರೆ ಅಕ್ಷಯ ತೃತೀಯಕ್ಕೆ ಹೊರನಾಡು, ಅದರ ಬೆನ್ನಿಗೇ ಬರುವ ಶಂಕರ ಜಯಂತಿಗೆ ಶೃಂಗೇರಿ ಇವೆ. ಅಲ್ಲಿ ತೇರಿನ ನೂಕುನುಗ್ಗಲಿಗಿಂತ ಊಟದ ಸಾಲಿನ ಶಿಸ್ತು ನೋಡಬೇಕು. ಘಾಟಿಯ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಬೆಳಗ್ಗೆ ಹಾಲು ಕೊಡಬೇಡಿ.

ಪಾತ್ರೆ, ಕತ್ತಿ, ಮಚ್ಚು, ಕೊಡದಂಥ ಭಾರದ ಸಾಮಾನು ಕೊಳ್ಳುವುದಿದ್ದರೆ ತೇರಿನ ದಿನ ಬೆಲೆ ಕೇಳಿ ಬಿಟ್ಟು ಬನ್ನಿ. ಅಂಗಡಿ ಕಿತ್ತು ಲಾರಿಗೆ ಹೇರುವ ಬೆಳಗ್ಗೆ ಏಳೆಂಟು ಗಂಟೆಗೆ ಹೋದರೆ ಅದೇ ಸಾಮಾನಿನ ಚೌಕಾಸಿ ಬೇರೆ ಥರ ಇರುತ್ತದೆ. ಕತ್ತಿ ಕೊಳ್ಳುವಾಗ ಹಿಡಿ ಹಿಡಿದು ತುದಿಯನ್ನು ಕಲ್ಲಿಗೆ ಮೆಲ್ಲಗೆ ಬಡಿಯಿರಿ. ಣಣ್ ಎಂದರೆ ಬಿರುಕಿಲ್ಲ, ಟಪ್ ಎಂದರೆ ಎಲ್ಲೋ ಬಿರುಕಿದೆ.